ಮಣ್ಣಿನಲ್ಲಿ ಉಪ್ಪು ಹೆಚ್ಚಿದ್ದರೆ ಯಾವ ಬೆಳೆ? ಕೊಡಗಿನ ರೈತರಿಗೊಂದು ಹೋಲಿಕೆ

ಕೊಡಗಿನಲ್ಲಿ ಉಪ್ಪು ಮಣ್ಣಿನ ಮಾತೆತ್ತಿದರೆ "ಇಲ್ಲಿ ಅದೆಲ್ಲಿಂದ ಬರಬೇಕು?" ಎಂದು ಕೇಳುವವರೇ ಜಾಸ್ತಿ. ಕೇಳುವುದು ಸರಿಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಷ್ಟು ನೀರು ಇಳಿದು ಹೋಗುವ ಮಣ್ಣಿನಲ್ಲಿ ಉಪ್ಪು ನಿಲ್ಲುವುದಿಲ್ಲ. ಸುಣ್ಣದ ಅಂಶವೂ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ತೋಟಗಳ ಮಣ್ಣು ಹುಳಿ, ಅದಕ್ಕೇ ನಾವು ಸುಣ್ಣ ಹಾಕುತ್ತಾ ಬಂದಿದ್ದೇವೆ.

ಆದರೂ ಉಪ್ಪಿನ ಪ್ರಶ್ನೆ ನಮ್ಮವರಿಗೆ ಎದುರಾಗುವ ಜಾಗಗಳಿವೆ. ಕುಶಾಲನಗರ, ಹೆಬ್ಬಾಲೆ, ಶನಿವಾರಸಂತೆ ಕಡೆ ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಬೇಸಿಗೆ ಬೆಳೆಗೆ ಬೋರ್‌ವೆಲ್ ನೀರೇ ಗತಿಯಾದಾಗ ನೀರಿನ ಜೊತೆ ಉಪ್ಪೂ ಬರುತ್ತದೆ. ನರ್ಸರಿ ಚೀಲಕ್ಕೆ, ಪಾಲಿಹೌಸಿನ ಮಡಿಗೆ ಮಳೆ ತಾಗುವುದೇ ಇಲ್ಲ. ಅಲ್ಲಿ ಹಾಕಿದ ಗೊಬ್ಬರದ ಉಪ್ಪು ಅಲ್ಲೇ ಉಳಿಯುತ್ತದೆ. ಇನ್ನು ಶುಂಠಿಗಾಗಿ ಪಿರಿಯಾಪಟ್ಟಣ, ಹುಣಸೂರು, ನಂಜನಗೂಡು, ಗುಂಡ್ಲುಪೇಟೆ ಕಡೆ ಜಮೀನು ಗುತ್ತಿಗೆಗೆ ಹಿಡಿಯುವವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ? ಬಯಲುಸೀಮೆಯ ಮಣ್ಣಿನ ಲೆಕ್ಕವೇ ಬೇರೆ.

ಹಾಗಾಗಿ ಬೆಳೆ ಆರಿಸುವ ಮೊದಲು ಕೇಳಿಕೊಳ್ಳಬೇಕಾದದ್ದು "ಯಾವ ಬೆಳೆ ಉಪ್ಪು ತಡೆಯುತ್ತದೆ" ಎಂಬುದಲ್ಲ. ಉಪ್ಪು ಎಲ್ಲಿಂದ ಬರುತ್ತಿದೆ, ಅದನ್ನು ತೊಳೆಯುವ ನೀರು ಯಾವಾಗ ಸಿಗುತ್ತದೆ ಎಂಬುದು. ಈ ಎರಡಕ್ಕೆ ಉತ್ತರ ಸಿಕ್ಕರೆ ಬೆಳೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ವರದಿ ಓದುವುದು

ಮಣ್ಣು ಪರೀಕ್ಷೆಯ ವರದಿಯಲ್ಲಿ ಇಸಿ ಎಂಬ ಅಂಕಿ ಇರುತ್ತದೆ. ಮಣ್ಣಿನ ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ ಅದು. ಉಪ್ಪು ಜಾಸ್ತಿಯಾದಷ್ಟೂ ಅಂಕಿ ಏರುತ್ತದೆ. ಅಳತೆಯ ಹೆಸರು ಡೆಸಿಸೀಮನ್ಸ್ ಪ್ರತಿ ಮೀಟರ್. ಇಲ್ಲಿ ಸುಮ್ನೆ "ಇಸಿ 4" ಎಂದಷ್ಟೇ ಬರೆಯುತ್ತೇನೆ. ನೀರಿನಲ್ಲಿ ಇಸಿ 1 ಅಂದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು ಕರಗಿದೆ ಎಂದರ್ಥ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಬೆಳೆಗಳ ಉಪ್ಪು ತಾಳಿಕೆಯ ಪಟ್ಟಿಗಳೆಲ್ಲ ಮಣ್ಣನ್ನು ಕೆಸರಾಗಿ ಕಲಸಿ, ಅದರಿಂದ ಹಿಂಡಿ ತೆಗೆದ ನೀರಿನ ಇಸಿ ಮೇಲೆ ನಿಂತಿವೆ. ನಮ್ಮ ಹೆಚ್ಚಿನ ಲ್ಯಾಬ್‌ಗಳು ಮಾಡುವುದು ಬೇರೆ ವಿಧಾನ. ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಹಾಕಿ ಕಲಕಿ ಅಳೆಯುತ್ತಾರೆ. ನೀರು ಜಾಸ್ತಿ ಸೇರಿದ್ದರಿಂದ ಅಂಕಿ ಕಡಿಮೆ ಬರುತ್ತದೆ. ಅದೇ ಮಣ್ಣನ್ನು ಕೆಸರು ವಿಧಾನದಲ್ಲಿ ಅಳೆದರೆ ಎರಡು ಮೂರು ಪಟ್ಟು, ಮರಳು ಮಣ್ಣಾದರೆ ಇನ್ನೂ ಜಾಸ್ತಿ ತೋರಿಸಬಹುದು. ಲ್ಯಾಬ್ ವರದಿಯ 1.5 ನೋಡಿ "ಭತ್ತಕ್ಕೆ 3 ತನಕ ಪರವಾಗಿಲ್ಲವಲ್ಲ" ಎಂದು ನೆಮ್ಮದಿ ಪಟ್ಟರೆ ಲೆಕ್ಕ ತಪ್ಪುತ್ತದೆ. ಯಾವ ವಿಧಾನದಲ್ಲಿ ಅಳೆದಿರಿ ಎಂದು ಕೇಳಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವರದಿ ಹಿಡಿದು ಹೋದರೆ ಬಿಡಿಸಿ ಹೇಳುತ್ತಾರೆ.

ಇಸಿ ಜೊತೆಗೆ ಪಿಹೆಚ್, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆ, ಕೂಡ ನೋಡಬೇಕು. ಕೆಸರು ವಿಧಾನದಲ್ಲಿ ಇಸಿ 4 ದಾಟಿ, ಪಿಹೆಚ್ 8.5ರ ಒಳಗೆ ಇದ್ದರೆ ಅದು ಉಪ್ಪು ಮಣ್ಣು, ಅಂದರೆ ಸವಳು. ಪಿಹೆಚ್ 8.5 ದಾಟಿ, ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಶೇ 15ಕ್ಕಿಂತ ಜಾಸ್ತಿ ಇದ್ದರೆ ಅದು ಕ್ಷಾರ ಮಣ್ಣು. ಮೊದಲನೆಯದರಲ್ಲಿ ಬಿಸಿಲಿಗೆ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಆದರೆ ನೀರು ಇಳಿಯುತ್ತದೆ. ಎರಡನೆಯದರಲ್ಲಿ ನೀರೇ ಇಳಿಯುವುದಿಲ್ಲ, ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಗಿಡಕ್ಕೆ ಏನಾಗುತ್ತದೆ

ಉಪ್ಪಿನ ಏಟು ಎರಡು ಹಂತದಲ್ಲಿ ಬೀಳುತ್ತದೆ. ಮೊದಲನೆಯದು ಬಾಯಾರಿಕೆ. ಮಣ್ಣಿನಲ್ಲಿ ನೀರಿದ್ದರೂ ಉಪ್ಪು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಎಳೆದುಕೊಳ್ಳಲು ಕಷ್ಟಪಡುತ್ತದೆ. ಇದು ಕೆಲವು ಗಂಟೆಗಳಲ್ಲೇ ಶುರುವಾಗುತ್ತದೆ. ಎಲೆ ಸುಡುವುದಿಲ್ಲ, ಹಳದಿಯೂ ಆಗುವುದಿಲ್ಲ. ಹೊಸ ಎಲೆ ಚಿಕ್ಕದಾಗಿ, ನಿಧಾನವಾಗಿ ಬರುತ್ತದೆ ಅಷ್ಟೇ. ಪಕ್ಕದಲ್ಲಿ ಒಳ್ಳೆಯ ಗಿಡ ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ.

ಎರಡನೆಯ ಹಂತಕ್ಕೆ ವಾರಗಳು ಬೇಕು. ಸೋಡಿಯಂ, ಕ್ಲೋರೈಡ್ ನೀರಿನ ಜೊತೆ ಮೇಲೆ ಹೋಗಿ ಹಳೆಯ ಎಲೆಗಳಲ್ಲಿ ತುಂಬಿಕೊಳ್ಳುತ್ತವೆ. ಎಲೆ ತುದಿ ಸುಡುತ್ತದೆ, ಆಮೇಲೆ ಅಂಚು. ಹೊಸ ಎಲೆ ಹುಟ್ಟುವ ವೇಗಕ್ಕಿಂತ ಹಳೆಯ ಎಲೆ ಸಾಯುವ ವೇಗ ಹೆಚ್ಚಾದರೆ ಗಿಡ ಸೋಲುತ್ತದೆ.

ತಾಳಿಕೊಳ್ಳುವ ಗಿಡಗಳು ಮಾಡುವುದೂ ಇದಕ್ಕೆ ತಕ್ಕಂತೆ. ಕೆಲವು ಸೋಡಿಯಂ ಅನ್ನು ಬೇರಿನಲ್ಲೇ ತಡೆದು ಎಲೆಗೆ ಹೋಗದ ಹಾಗೆ ನೋಡಿಕೊಳ್ಳುತ್ತವೆ. ಕೆಲವು ಅದನ್ನು ಜೀವಕೋಶದೊಳಗಿನ ರಸಕೋಶದಲ್ಲಿ ಬೇರೆಯಾಗಿ ಕೂಡಿಡುತ್ತವೆ. ಬೀಟ್‌ರೂಟ್ ಈ ಪೈಕಿ. ಕರಾವಳಿಯ ಕಾಂಡ್ಲಾ ಜಾತಿಯ ಕೆಲವು ಮರಗಳು ಎಲೆಯ ಗ್ರಂಥಿಗಳಿಂದ ಉಪ್ಪನ್ನು ಹೊರಗೇ ಹಾಕುತ್ತವೆ. ಈ ಎಲ್ಲ ಕೆಲಸಕ್ಕೂ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಉಪ್ಪು ತಾಳುವ ತಳಿ ಒಳ್ಳೆಯ ಮಣ್ಣಿನಲ್ಲಿ ಎಲ್ಲರಿಗಿಂತ ಜಾಸ್ತಿ ಇಳುವರಿ ಕೊಡುತ್ತದೆ ಎಂದು ಎಣಿಸಬಾರದು. ತೊಂದರೆ ಇಲ್ಲದ ಜಾಗಕ್ಕೆ ಅದು ಬೇಡ.

ಗದ್ದೆ ಮತ್ತು ಬೇಸಿಗೆ ಬೆಳೆಗಳ ಹೋಲಿಕೆ

1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ಬೆಳೆಗಳ ಉಪ್ಪು ತಾಳಿಕೆಯನ್ನು ಎರಡು ಅಂಕಿಗಳಲ್ಲಿ ಹೇಳುವ ಕ್ರಮ ತಂದರು. ಯಾವ ಇಸಿಯಿಂದ ಇಳುವರಿ ಇಳಿಯಲು ಶುರು, ಅಲ್ಲಿಂದ ಮುಂದೆ ಒಂದೊಂದು ಇಸಿಗೆ ಶೇಕಡಾ ಎಷ್ಟು ನಷ್ಟ. ಆಮೇಲೆ ಕೆಲವು ಬೆಳೆಗಳ ಅಂಕಿ ತಿದ್ದಿದ್ದಾರೆ, ಕ್ರಮ ಅದೇ ಉಳಿದಿದೆ. ನಮ್ಮ ಕಡೆ ಬೆಳೆಯುವವನ್ನು ಮಾತ್ರ ಆರಿಸಿ ಕೆಳಗೆ ಕೊಟ್ಟಿದ್ದೇನೆ. ಎಲ್ಲವೂ ಕೆಸರು ವಿಧಾನದ ಮಣ್ಣಿನ ಇಸಿ.

| ಬೆಳೆ | ನಷ್ಟ ಶುರುವಾಗುವ ಇಸಿ | ಪ್ರತಿ ಇಸಿಗೆ ನಷ್ಟ (ಶೇ) | ಇಸಿ 4ರಲ್ಲಿ ಉಳಿಯುವ ಇಳುವರಿ (ಶೇ) |
|---|---|---|---|
| ಬೀನ್ಸ್ | 1.0 | 19 | 43 |
| ಹಸಿಮೆಣಸು, ದಪ್ಪ ಮೆಣಸು | 1.5 | 14 | 65 |
| ಮುಸುಕಿನ ಜೋಳ | 1.7 | 12 | 72 |
| ಎಲೆಕೋಸು | 1.8 | 9.7 | 79 |
| ಟೊಮೆಟೊ | 2.5 | 9.9 | 85 |
| ಭತ್ತ | 3.0 | 12 | 88 |
| ಕಡಲೆಕಾಯಿ | 3.2 | 29 | 77 |
| ಬೀಟ್‌ರೂಟ್ | 4.0 | 9 | 100 |
| ಅಲಸಂದೆ | 4.9 | 12 | 100 |

ಮೊದಲ ಅಂಕಿ ಮಾತ್ರ ನೋಡಿ ಬೆಳೆ ಆರಿಸಬೇಡಿ. ಭತ್ತ ಮತ್ತು ಕಡಲೆಕಾಯಿ ನೋಡಿ. ಶುರುವಾಗುವ ಜಾಗ ಹೆಚ್ಚುಕಡಿಮೆ ಒಂದೇ. ಆದರೆ ಇಸಿ 5ಕ್ಕೆ ಹೋದರೆ ಭತ್ತದಲ್ಲಿ ಶೇ 76 ಉಳಿಯುತ್ತದೆ, ಕಡಲೆಕಾಯಿಯಲ್ಲಿ ಅರ್ಧವೂ ಇಲ್ಲ. ಉಪ್ಪು ವರ್ಷದಿಂದ ವರ್ಷಕ್ಕೆ ಏರುಪೇರಾಗುವ ಜಮೀನಿಗೆ ನಿಧಾನವಾಗಿ ಇಳಿಯುವ ಬೆಳೆಯೇ ಒಳ್ಳೆಯದು. ನನ್ನ ಮಟ್ಟಿಗೆ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಮುಖ್ಯ.

ಇದನ್ನು ನೀರಿನ ಲೆಕ್ಕಕ್ಕೆ ತರುವುದು ಹೇಗೆ? ಸಾಧಾರಣವಾಗಿ ನೀರು ಹಾಯಿಸುವಾಗ ಒಂದಿಷ್ಟು ನೀರು ಬೇರಿನ ಕೆಳಗೂ ಇಳಿಯುತ್ತಿದ್ದರೆ, ಮಣ್ಣಿನ ಇಸಿ ನೀರಿನ ಇಸಿಯ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಅಂದರೆ ಬೋರ್‌ವೆಲ್ ನೀರಿನ ಇಸಿ 0.7ರ ಒಳಗಿದ್ದರೆ ಹೆಚ್ಚಿನ ಬೆಳೆಗೆ ಚಿಂತೆ ಬೇಡ. 1 ಇದ್ದರೆ ಮಣ್ಣು 1.5ಕ್ಕೆ ಬರುತ್ತದೆ, ಹಸಿಮೆಣಸಿಗೆ ಅದೇ ಗಡಿ. 2 ಇದ್ದರೆ ಮಣ್ಣು 3. ಆಗ ಬೀನ್ಸ್ ಶೇ 62ಕ್ಕೆ, ಹಸಿಮೆಣಸು ಶೇ 79ಕ್ಕೆ ಇಳಿಯುತ್ತವೆ. ಟೊಮೆಟೊ ಶೇ 95ರಲ್ಲಿ ನಿಲ್ಲುತ್ತದೆ, ಬೀಟ್‌ರೂಟ್‌ಗೆ ಏನೂ ಆಗುವುದಿಲ್ಲ. ನೀರಿನ ಇಸಿ 3 ದಾಟಿದರೆ ತರಕಾರಿಯ ಆಸೆ ಬಿಡುವುದು ಒಳ್ಳೆಯದು.

ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಭತ್ತ ಕೊಯ್ದ ಗದ್ದೆಗೆ ಹಸಿಮೆಣಸು ಹಾಕುವವರಿಗೆ ಈ ಲೆಕ್ಕ ನೇರವಾಗಿ ತಾಗುತ್ತದೆ. ಕೆರೆ ನೀರು ಇರುವ ತನಕ ಮೆಣಸಿಗೆ ಅದನ್ನೇ ಕೊಡಿ. ಕೆರೆ ಬತ್ತಿ ಬೋರ್‌ವೆಲ್‌ಗೆ ಹೋಗಬೇಕಾಗಿ ಬಂದರೆ ಗಿಡ ಬೆಳೆದ ಮೇಲೆ ಆಗಲಿ, ನಾಟಿ ಸಮಯದಲ್ಲಿ ಬೇಡ. ಹೆಚ್ಚಿನ ತರಕಾರಿಗಳು ಸಸಿಯಾಗಿದ್ದಾಗ ಉಪ್ಪಿಗೆ ಬೇಗ ಬಗ್ಗುತ್ತವೆ. ಡ್ರಿಪ್ ಇದ್ದರೆ ದಿನಾ ಸ್ವಲ್ಪ ಸ್ವಲ್ಪ ಕೊಡುವುದರಿಂದ ಉಪ್ಪು ಬೇರಿನಿಂದ ಆಚೆ ಸರಿದು, ಒದ್ದೆ ಜಾಗದ ಅಂಚಿನಲ್ಲಿ ಕೂರುತ್ತದೆ. ಆದರೆ ಮೊದಲ ಸಣ್ಣ ಮಳೆ ಆ ಅಂಚಿನ ಉಪ್ಪನ್ನು ಮತ್ತೆ ಬೇರಿನ ಬಳಿಗೇ ತಳ್ಳುತ್ತದೆ. ಹದವಾಗಿ ಒಂದು ದೊಡ್ಡ ಮಳೆ ಬರುವ ತನಕ ಡ್ರಿಪ್ ನಿಲ್ಲಿಸಬೇಡಿ.

ಅಂಕಿಗಳ ಬಗ್ಗೆ ಇನ್ನೊಂದು ಮಾತು. ಬಿಸಿ ಗಾಳಿ, ಒಣ ಹವೆಯಲ್ಲಿ ಗಿಡಕ್ಕೆ ನೀರು ಜಾಸ್ತಿ ಬೇಕು, ಉಪ್ಪಿನ ಏಟೂ ಜಾಸ್ತಿ. ಮೋಡ, ತಂಪು ಇರುವ ಕಡೆ ಅದೇ ಇಸಿಯಲ್ಲಿ ಬೆಳೆ ಸ್ವಲ್ಪ ಚೆನ್ನಾಗಿಯೇ ಇರುತ್ತದೆ. ಮಾರ್ಚ್ ತಿಂಗಳ ಹೆಬ್ಬಾಲೆಗೂ ಜುಲೈ ತಿಂಗಳ ಹೆಬ್ಬಾಲೆಗೂ ಅಂಕಿ ಒಂದೇ ಅಲ್ಲ.

ರಾಗಿ ಈ ಪಟ್ಟಿಯಲ್ಲಿಲ್ಲ, ಆದರೆ ಮಧ್ಯಮ ಉಪ್ಪು ತಾಳುತ್ತದೆ. ಮುಸುಕಿನ ಜೋಳ ಮತ್ತು ರಾಗಿಯ ನಡುವೆ ಆಯ್ಕೆ ಇದ್ದರೆ ಉಪ್ಪಿನ ಜಾಗಕ್ಕೆ ರಾಗಿ. ಮೇವು ಬೇಕೆಂದರೆ ಗರಿಕೆ ಹುಲ್ಲು ಇಸಿ 6.9ರ ತನಕ ಅಲುಗುವುದಿಲ್ಲ. ಗುತ್ತಿಗೆಗೆ ನೋಡಲು ಹೋದ ಹೊಲದ ತಗ್ಗಿನಲ್ಲಿ ಬೆಳೆ ಸತ್ತು ಗರಿಕೆಯೊಂದೇ ಹಸಿರಾಗಿದ್ದರೆ ಅಲ್ಲಿನ ಮಣ್ಣನ್ನು ಪರೀಕ್ಷೆ ಮಾಡಿಸದೆ ಮಾತು ಮುಂದುವರಿಸಬೇಡಿ.

ಭತ್ತ: ತಳಿ ಬದಲಿಸಬೇಕಾ, ಕಾಲ ಬದಲಿಸಬೇಕಾ

ಉಪ್ಪು ತಾಳುವ ಭತ್ತ ಅಂದರೆ ಕೇರಳದ ಪೊಕ್ಕಾಳಿ, ನಮ್ಮ ಉತ್ತರ ಕನ್ನಡದ ಕಗ್ಗ ನೆನಪಾಗುತ್ತವೆ. ಕಗ್ಗವನ್ನು ಅಘನಾಶಿನಿ ಅಳಿವೆಯಲ್ಲಿ ಸಮುದ್ರದ ಉಪ್ಪು ನೀರು ಬರುವ ಗಜನಿ ಗದ್ದೆಗಳಲ್ಲಿ, ಕುಮಟಾ ಕಡೆ ಬೆಳೆಯುತ್ತಾರೆ. ಪೊಕ್ಕಾಳಿಯ ಒಂದನೇ ಕ್ರೋಮೋಸೋಮಿನಲ್ಲಿ ಸಾಲ್ಟಾಲ್ ಎಂಬ ಭಾಗವಿದೆ. ಎಳೆಯ ಪೈರಿನ ಎಲೆಯಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ ಇರುವಂತೆ ಅದು ನೋಡಿಕೊಳ್ಳುತ್ತದೆ. ಹೊಸ ತಳಿಗಳಿಗೆ ಇದನ್ನೇ ತಳಿ ಸಂಕರಣದ ಮೂಲಕ ತರುತ್ತಿದ್ದಾರೆ. ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಶುರುವಾದ ಕೇಂದ್ರ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್ ಸರಣಿಯ ಭತ್ತಗಳೂ ಇವೆ. ಸಿಎಸ್‌ಆರ್ 36 ಅದರಲ್ಲೊಂದು. ಕ್ಷಾರ ಮಣ್ಣಿಗೂ ಆಗುತ್ತದೆ.

ಆದರೆ ಗಮನಿಸಿ, ಪೊಕ್ಕಾಳಿ ಬೆಳೆಯುವವರು ಬೇಸಿಗೆಯಲ್ಲಿ ಬಿತ್ತುವುದಿಲ್ಲ. ಗದ್ದೆಯಲ್ಲಿ ಮಣ್ಣಿನ ದಿಬ್ಬ ಮಾಡಿ, ಮುಂಗಾರು ಮಳೆ ಆ ದಿಬ್ಬದ ಉಪ್ಪನ್ನು ತೊಳೆದ ಮೇಲೆ ಬಿತ್ತುತ್ತಾರೆ. ಅಷ್ಟು ಗಟ್ಟಿ ತಳಿಯೇ ಮಳೆಗೆ ಕಾಯುತ್ತದೆ. ಕೊಡಗಿನ ಮುಂಗಾರು ಗದ್ದೆಗೆ ಈ ತಳಿಗಳು ಬೇಕಿಲ್ಲ. ಜೂನ್, ಜುಲೈ ಮಳೆ ಬೇಸಿಗೆಯ ಉಪ್ಪನ್ನು ಇಳಿಸಿಬಿಟ್ಟಿರುತ್ತದೆ, ನೀವು ಬೆಳೆಯುತ್ತಾ ಬಂದ ಭತ್ತವೇ ಸಾಕು. ಬೇಸಿಗೆ ಭತ್ತ ಹಾಕುವವರು ಮಾತ್ರ ಯೋಚಿಸಬೇಕು. ಭತ್ತ ಮೊಳಕೆಯಲ್ಲಿ ಗಟ್ಟಿ, ಎರಡು ಮೂರು ಎಲೆಯ ಪೈರಾಗಿದ್ದಾಗ ಮೆದು, ತೆಂಡೆ ಒಡೆಯುವಾಗ ಮತ್ತೆ ಗಟ್ಟಿ, ಹೂ ಬಿಡುವಾಗ ಮತ್ತೆ ಮೆದು. ಅದಕ್ಕೆ ಸಸಿಮಡಿಯನ್ನು ಒಳ್ಳೆಯ ನೀರಿನಲ್ಲಿ ಬೆಳೆಸಿ, 30-35 ದಿನದ ಪೈರನ್ನು ನಾಟಿ ಮಾಡಿ. ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಅದನ್ನು ಹೂ ಬಿಡುವ ಸಮಯಕ್ಕೆ ಉಳಿಸಿ.

ತೋಟದ ಬೆಳೆಗಳು

ಕಾಫಿ, ಕಾಳುಮೆಣಸು, ಏಲಕ್ಕಿ, ಶುಂಠಿ ಎಲ್ಲವೂ ಉಪ್ಪಿಗೆ ಹೆದರುವ ಬೆಳೆಗಳೇ. ಇವುಗಳ ಪೈಕಿ ಯಾವುದು ಗಟ್ಟಿ ಎಂದು ಹುಡುಕುವುದಕ್ಕಿಂತ ನೀರು ನೋಡಿಕೊಳ್ಳುವುದು ಮೇಲು. ಏಲಕ್ಕಿ, ಶುಂಠಿಯ ಬೇರು ಮೇಲಿನ ಮಣ್ಣಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಉಪ್ಪು ಬಂದು ಕೂರುವುದೂ ಅಲ್ಲೇ.

ಕಾಫಿಗೆ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವಾಗ ಜಾಗ್ರತೆ ಬೇಕು. ಎಲೆ ಮೇಲೆ ಬಿದ್ದ ಉಪ್ಪು ನೀರು ಬೇರಿನ ಹಾದಿ ಬಿಟ್ಟು ಎಲೆಯಿಂದಲೇ ಒಳಗೆ ಹೋಗುತ್ತದೆ. ನೀರಿನಲ್ಲಿ ಸೋಡಿಯಂ ಲೀಟರಿಗೆ 70 ಮಿಲಿಗ್ರಾಂ ಅಥವಾ ಕ್ಲೋರೈಡ್ ಸುಮಾರು 105 ಮಿಲಿಗ್ರಾಂ ದಾಟಿದರೆ ಸೂಕ್ಷ್ಮ ಬೆಳೆಗಳ ಎಲೆ ಸುಡುವ ಸಾಧ್ಯತೆ ಇದೆ. ಅಂಥ ನೀರೇ ಗತಿಯಾದರೆ ರಾತ್ರಿ ಹೊತ್ತು ಹಾಯಿಸಿ, ಬಿಸಿಲು ಗಾಳಿಯಲ್ಲಿ ಬೇಡ. ಕೆರೆ ನೀರು ಬೆರೆಸಲು ಆದರೆ ಇನ್ನೂ ಒಳ್ಳೆಯದು.

ಮರಗಳಲ್ಲಿ ವ್ಯತ್ಯಾಸ ದೊಡ್ಡದು. ತೆಂಗು ಉಪ್ಪಿಗೆ ಚೆನ್ನಾಗಿ ಒಗ್ಗುತ್ತದೆ, ಸಪೋಟವೂ ಗಟ್ಟಿ. ಅಡಿಕೆ ತೆಂಗಿನಷ್ಟು ತಡೆಯುವುದಿಲ್ಲ. ಬಾಳೆ, ಕಿತ್ತಳೆ, ಬೆಣ್ಣೆಹಣ್ಣು ಮೂರೂ ಮೆದು. ಆದರೆ ಕಿತ್ತಳೆ, ಬೆಣ್ಣೆಹಣ್ಣಿನಲ್ಲಿ ಬೇರುಗಿಡ, ಅಂದರೆ ಕಸಿಯಲ್ಲಿ ಬೇರು ಕೊಡುವ ಕೆಳಗಿನ ಗಿಡ, ಆರಿಸುವ ಅವಕಾಶ ಇದೆ. ಕಿತ್ತಳೆಗೆ ರಂಗಪುರ ನಿಂಬೆ, ಕ್ಲಿಯೋಪಾತ್ರ ಮ್ಯಾಂಡರಿನ್ ಬೇರುಗಿಡಗಳು ಕ್ಲೋರೈಡ್ ಅನ್ನು ಎಲೆಗೆ ಹೋಗದಂತೆ ತಡೆಯುವುದರಲ್ಲಿ ಮುಂದೆ. ಟ್ರೈಫೋಲಿಯೇಟ್ ಎಂಬ ಬೇರುಗಿಡ ಬಹಳ ಹಿಂದೆ. ಬೆಣ್ಣೆಹಣ್ಣಿನಲ್ಲಿ ವೆಸ್ಟ್ ಇಂಡಿಯನ್ ಕುಲದ ಬೇರುಗಿಡ ಗಟ್ಟಿ, ಮೆಕ್ಸಿಕನ್ ಕುಲದ್ದು ಮೆದು. ಕುಶಾಲನಗರದ ಕಡೆ ಬೆಣ್ಣೆಹಣ್ಣಿನ ಕಸಿ ಗಿಡ ಕೊಳ್ಳುವವರು ಮೇಲಿನ ತಳಿಯ ಹೆಸರು ಮಾತ್ರ ಕೇಳುತ್ತಾರೆ. ಕೆಳಗಿನದು ಯಾವುದು ಎಂದೂ ಕೇಳಿ.

ಎಂಒಪಿ, ಎಸ್‌ಒಪಿ ಮತ್ತು ನರ್ಸರಿ ಚೀಲ

ನಮ್ಮ ಜಿಲ್ಲೆಯ ಮಟ್ಟಿಗೆ ಉಪ್ಪಿನಿಂದ ಹೆಚ್ಚು ಗಿಡ ಸಾಯುವುದು ನರ್ಸರಿ ಚೀಲದಲ್ಲಿ ಎಂದೇ ನನ್ನ ಅನಿಸಿಕೆ. ಗೊಬ್ಬರ ಮಣ್ಣಿನ ನೀರನ್ನು ಎಷ್ಟು ಉಪ್ಪಾಗಿಸುತ್ತದೆ ಎಂಬುದನ್ನು ಉಪ್ಪಿನ ಸೂಚ್ಯಂಕದಲ್ಲಿ ಹೋಲಿಸುತ್ತಾರೆ. ಸೋಡಿಯಂ ನೈಟ್ರೇಟ್ 100 ಎಂದಿಟ್ಟರೆ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) 116, ಯೂರಿಯಾ 75, ಎಸ್‌ಒಪಿ (ಪೊಟ್ಯಾಸಿಯಂ ಸಲ್ಫೇಟ್) 46. ಎಂಒಪಿಯಲ್ಲಿ ಪೊಟ್ಯಾಷ್ ಶೇ 60, ಎಸ್‌ಒಪಿಯಲ್ಲಿ ಶೇ 50. ಆದರೂ ಅಷ್ಟೇ ಪೊಟ್ಯಾಷ್ ಕೊಡುವಾಗ ಎಸ್‌ಒಪಿಯ ಉಪ್ಪಿನ ಭಾರ ಎಂಒಪಿಯ ಅರ್ಧಕ್ಕಿಂತ ಕಡಿಮೆ. ಎಂಒಪಿಯ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ ಇರುತ್ತದೆ.

ಎಸ್‌ಒಪಿ ದುಬಾರಿ. ಮಳೆ ಬೀಳುವ, ಬೆಳೆದ ತೋಟಕ್ಕೆ ಎಂಒಪಿ ಸಾಕು, ಕ್ಲೋರೈಡ್ ಮಳೆಗೆ ಇಳಿದು ಹೋಗುತ್ತದೆ. ನರ್ಸರಿಗೆ, ಪಾಲಿಹೌಸಿಗೆ, ಬೋರ್‌ವೆಲ್ ನೀರಿನ ತೋಟಕ್ಕೆ ಎಸ್‌ಒಪಿಗೆ ಹಣ ಹಾಕಿ. ಮೆಣಸಿನ ಬಳ್ಳಿಯ ಚೀಲಕ್ಕೆ ಕೋಳಿ ಗೊಬ್ಬರ ಜಾಸ್ತಿ ಬೆರೆಸಬೇಡಿ, ಅದರಲ್ಲೂ ಉಪ್ಪು ಬಹಳ. ತೆಂಗಿನ ನಾರಿನ ಪುಡಿಯನ್ನು ತೊಳೆಯದೆ ಬಳಸಬೇಡಿ.

ಇನ್ನೊಂದು ಗೊಂದಲ. ಹಳೆಯ ಎಲೆಯ ತುದಿ, ಅಂಚು ಸುಟ್ಟಂತಾಗುವುದು ಉಪ್ಪಿನ ಗುರುತು. ಪೊಟ್ಯಾಷ್ ಕೊರತೆಯಲ್ಲೂ ಹಳೆಯ ಎಲೆಯ ಅಂಚೇ ಸುಡುತ್ತದೆ. ಕೊರತೆ ಎಂದುಕೊಂಡು ಎಂಒಪಿ ಹಾಕಿದರೆ, ಉಪ್ಪಿನ ಗಿಡಕ್ಕೆ ಇನ್ನಷ್ಟು ಉಪ್ಪು ಹಾಕಿದಂತೆ. ಚೀಲದ ಮಣ್ಣಿನ ಇಸಿ ನೋಡಿ ಆಮೇಲೆ ಗೊಬ್ಬರದ ಮಾತು. ಇಸಿ ಜಾಸ್ತಿ ಬಂದರೆ ಚೀಲದ ತಳದಿಂದ ಸುರಿಯುವ ತನಕ ಒಳ್ಳೆಯ ನೀರು ಹಾಕಿ, ಒಂದೆರಡು ಸಲ.

ಸುಣ್ಣ, ಜಿಪ್ಸಂ, ಬರಿ ನೀರು

ಹುಳಿ ಮಣ್ಣಿಗೆ ಸುಣ್ಣ. ಕ್ಷಾರ ಮಣ್ಣಿಗೆ ಜಿಪ್ಸಂ, ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ, ಬಿಡಿಸಿದ್ದನ್ನು ನೀರು ಇಳಿಸಬೇಕು. ಬರಿ ಉಪ್ಪಿನ ಮಣ್ಣಿಗೆ ಒಳ್ಳೆಯ ನೀರು ಮತ್ತು ಬಸಿಗಾಲುವೆ, ಬೇರೇನೂ ಬೇಡ. ಒಂದು ಅಡಿ ಆಳದ ಮಣ್ಣಿನ ಮೂಲಕ ಒಂದು ಅಡಿ ನೀರು ಇಳಿದು ಹೋದರೆ ಸುಮಾರು ಶೇ 80ರಷ್ಟು ಉಪ್ಪು ಕೆಳಗೆ ಹೋಗುತ್ತದೆ. ನಮ್ಮ ಮುಂಗಾರು ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ, ನೀರು ಬಸಿದು ಹೋಗಲು ದಾರಿ ಇದ್ದರೆ. ಕೊಡಗಿನ ಪಿಹೆಚ್ 5.5ರ ತೋಟಕ್ಕೆ ಜಿಪ್ಸಂ ಹಾಕಿದರೆ ಹುಳಿ ಕಡಿಮೆಯಾಗುವುದಿಲ್ಲ.

ಗುತ್ತಿಗೆ ಜಮೀನು

ಬಯಲಿನಲ್ಲಿ ಶುಂಠಿಗೆ ಜಮೀನು ನೋಡುವವರು ಮುಂಗಡ ಕೊಡುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿ. ಮಣ್ಣು ತೆಗೆಯುವುದು ಮಳೆಗಾಲ ಮುಗಿದ ತಕ್ಷಣ ಅಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಅರ್ಧ ಅಡಿ ಮತ್ತು ಒಂದು ಅಡಿ ಆಳದಿಂದ ಬೇರೆ ಬೇರೆಯಾಗಿ ತೆಗೆಯಿರಿ. ಮೇಲಿನ ಬಿಳಿ ಪುಡಿಯನ್ನಷ್ಟೇ ಗೋರಿ ತಂದರೆ ಅಂಕಿ ಸುಳ್ಳು ಹೇಳುತ್ತದೆ. ತಗ್ಗು, ಎತ್ತರ, ಎರಡರ ಮಣ್ಣನ್ನೂ ಬೆರೆಸದೆ ಕಳಿಸಿ. ನಾಲೆ ನೀರಿನ ಊರುಗಳಲ್ಲಿ ಎತ್ತರದ ಹೊಲ ಚೆನ್ನಾಗಿದ್ದು, ಬಸಿದ ನೀರು ಬಂದು ನಿಲ್ಲುವ ತಗ್ಗಿನ ಹೊಲ ಸವಳಾಗಿರುತ್ತದೆ.

ಬೋರ್‌ವೆಲ್ ನೀರಿಗೆ ಇಸಿ ಮಾತ್ರ ಸಾಲದು. ಉಳಿಕೆ ಸೋಡಿಯಂ ಕಾರ್ಬೊನೇಟ್, ಅಂದರೆ ಆರ್‌ಎಸ್‌ಸಿ ಕೇಳಿ. 1.25ರ ಒಳಗೆ ಒಳ್ಳೆಯದು, 2.5 ದಾಟಿದರೆ ಆ ನೀರು ಮಣ್ಣನ್ನೇ ಕ್ಷಾರ ಮಾಡುತ್ತದೆ. ಇಸಿ ಕಡಿಮೆ ಇದ್ದು ಆರ್‌ಎಸ್‌ಸಿ ಜಾಸ್ತಿ ಇರುವ ನೀರು ಬಾಯಿಗೆ ಸಿಹಿಯಾಗಿಯೇ ಇರುತ್ತದೆ, ಕುಡಿದು ನೋಡಿ ಒಪ್ಪಬೇಡಿ.

ಮಣ್ಣಿನ ಇಸಿ ಕೆಸರು ವಿಧಾನದಲ್ಲಿ 1.5ರ ಒಳಗೆ, ಪಿಹೆಚ್ 7.5ರ ಒಳಗೆ, ನೀರಿನ ಇಸಿ 0.7ರ ಒಳಗೆ ಬಂದರೆ ಶುಂಠಿ ಹಾಕಿ. ಮಣ್ಣು 3ರ ತನಕ ಇದ್ದರೆ ಶುಂಠಿ ಬಿಟ್ಟು ಟೊಮೆಟೊ ಅಥವಾ ರಾಗಿ ಯೋಚಿಸಬಹುದು. 4ರ ಆಸುಪಾಸಾದರೆ ಬೀಟ್‌ರೂಟ್, ಅಲಸಂದೆ. ಪಿಹೆಚ್ 8.5 ದಾಟಿದ ಜಮೀನನ್ನು ಒಂದು ವರ್ಷದ ಗುತ್ತಿಗೆಗೆ ಹಿಡಿಯಬೇಡಿ. ಜಿಪ್ಸಂ ಹಾಕಿ ಸರಿ ಮಾಡುವಷ್ಟರಲ್ಲಿ ಗುತ್ತಿಗೆ ಮುಗಿದಿರುತ್ತದೆ, ಮಣ್ಣು ಸುಧಾರಿಸಿದ ಲಾಭ ಜಮೀನಿನವರಿಗೆ ಹೋಗುತ್ತದೆ.